ಜ್ವರಶೇಷ: ಬಾಲಕರ ನರ್ತನರೋಗದ ಚರಿತ್ರೆ

ಸಾಲ, ಬೆಂಕಿ, ಹಗೆ, ರೋಗ ಎಂಬ ಈ ನಾಲ್ಕರಲ್ಲಿ ಎಳ್ಳಷ್ಟು ಶೇಷವನ್ನಾದರೂ ಉಳಿಸತಕ್ಕದ್ದಲ್ಲ, ಉಳಿಸಿದರೆ ಅವು ಮರಳಿ ಬೆಳೆಯುವುವು ಎಂದು ನಮ್ಮ ನೀತಿವಿದರು ಎಚ್ಚರಿಸಿರುವರು. ಇವುಗಳಲ್ಲಿ ಸಾಲಕ್ಕೆ ಪತ್ರವುಂಟು, ಬೆಂಕಿಗೆ ಹೊಗೆಯುಂಟು, ಹಗೆಗೆ ಮಾತುಂಟು. ರೋಗಶೇಷಕ್ಕೆ ಮಾತ್ರ ಇಂತಹ ಗುರುತು ಎಲ್ಲ ಕಾಲದಲ್ಲಿಯೂ ಇರುವುದಿಲ್ಲ. ಮಗುವಿನ ಮೈಬಿಸಿ ಇಳಿಯಿತು, ಗಂಜಿ ಸೇರಿತು, ತಲೆಗೆ ನೀರೆರೆದುದೂ ಆಯಿತು ಎಂದರೆ ಮನೆಯವರು ರೋಗವು ತೊಲಗಿತೆಂದೇ ತಿಳಿಯುವರು. ಮರುದಿನ ಮಗುವು ಪುಸ್ತಕದ ಚೀಲವನ್ನು ಹೊತ್ತು ಪಾಠಶಾಲೆಗೆ ನಡೆಯುವುದು. ಆಮೇಲೆ ಕಾಣಿಸಿಕೊಂಡ ವಿಕಾರಗಳನ್ನು ಕಳೆದುಹೋದ ಜ್ವರದೊಡನೆ ಜೋಡಿಸಿ ನೋಡುವವರು ವಿರಳ.

ನಮ್ಮ ಪ್ರಾಚೀನ ವೈದ್ಯರು ಈ ವಿಷಯದಲ್ಲಿ ಅಲಕ್ಷ್ಯರಾಗಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವು ಜ್ವರಚಿಕಿತ್ಸೆಗೆ ಮೀಸಲಾದುದು. ಅಲ್ಲಿ ಜ್ವರವು ಬಿಟ್ಟವನು ಬಲವು ಪೂರ್ಣವಾಗಿ ಮರಳುವ ತನಕ ವ್ಯಾಯಾಮ, ಸ್ನಾನ, ಹೆಚ್ಚಾದ ತಿರುಗಾಟ ಮೊದಲಾದವುಗಳನ್ನು ವರ್ಜಿಸಬೇಕೆಂದು ವಿಧಿಸಿದೆ. ಬಿಟ್ಟ ಜ್ವರವು ಅಪಥ್ಯದಿಂದ ಹೇಗೆ ಹಿಂದಿರುಗುವುದೆಂಬುದನ್ನೂ ವಿವರಿಸಿದೆ. ‘ಜ್ವರಮುಕ್ತ’ನು ಬೇರೆ, ‘ಸ್ವಸ್ಥ’ನು ಬೇರೆ ಎಂಬ ಈ ವಿವೇಕವು ಬಹು ದೊಡ್ಡದು. ಈ ಎರಡರ ನಡುವಣ ಕಾಲವೇ ಪ್ರಕೃತ ಲೇಖನದ ವಿಷಯ. ಅದನ್ನು ಒಂದೇ ಒಂದು ವ್ಯಾಧಿಯ ಚರಿತ್ರೆಯ ಮೂಲಕ ನೋಡುವುದು ಅನುಕೂಲವಾದುದರಿಂದ, ಬಾಲಕಬಾಲಿಕೆಯರಿಗೆ ಗಂಟಲುಬೇನೆಯ ತರುವಾಯ ಬರುವ ಅಂಗಚಾಂಚಲ್ಯವನ್ನು ಇಲ್ಲಿ ಆರಿಸಿಕೊಂಡಿದೆ. ಪಾಶ್ಚಾತ್ಯ ವೈದ್ಯರು ಇದನ್ನು ‘ಕೊರಿಯಾ’ ಎನ್ನುವರು. ಗ್ರೀಕ್ ಭಾಷೆಯಲ್ಲಿ ಈ ಶಬ್ದಕ್ಕೆ ನರ್ತನವೆಂದು ಅರ್ಥ.

ಮೊದಲು ರೋಗದ ಸ್ವರೂಪವನ್ನು ತಿಳಿಯತಕ್ಕದ್ದು. ಐದರಿಂದ ಹದಿನೈದು ವರ್ಷದೊಳಗಿನ ಮಗುವಿಗೆ ಒಮ್ಮೆ ಗಂಟಲು ನೊಂದು ಜ್ವರ ಬರುವುದು. ಮೂರು ನಾಲ್ಕು ದಿನಗಳಲ್ಲಿ ಅದು ಇಳಿಯುವುದು. ಎಲ್ಲರೂ ಅದನ್ನು ಮರೆತ ಮೇಲೆ, ಒಂದು ತಿಂಗಳಿಗೋ, ಮೂರು ತಿಂಗಳಿಗೋ, ಕೆಲವು ವೇಳೆ ಆರು ತಿಂಗಳಿಗೋ, ಆ ಮಗುವಿನ ನಡತೆಯಲ್ಲಿ ಮಾರ್ಪಾಟು ತೋರುವುದು. ನಿನ್ನೆಯ ತನಕ ದುಂಡಾಗಿದ್ದ ಅಕ್ಷರವು ಇಂದು ವಕ್ರವಾಗುವುದು. ಬಳಪವು ಬೆರಳುಗಳಿಂದ ಜಾರುವುದು. ನೀರಿನ ಲೋಟವು ಕೈತಪ್ಪಿ ಬೀಳುವುದು. ಹುಬ್ಬು, ತುಟಿ, ಭುಜಗಳು ತಾವಾಗಿಯೇ ಕುಣಿಯುವುವು. ನೋಡಿದವರಿಗೆ ಮಗುವು ಅಣಕಿಸುತ್ತಿರುವಂತೆ ಕಾಣುವುದು. ನಾಲಗೆಯನ್ನು ಹೊರಚಾಚಿಸಿದರೆ ಅದು ಹೊರಗೆ ನಿಲ್ಲದೆ ಥಟ್ಟನೆ ಒಳಸೇರುವುದು. ವೈದ್ಯನು ತನ್ನ ಬೆರಳನ್ನು ಹಿಡಿದುಕೊಳ್ಳೆಂದರೆ ಮಗುವಿನ ಮುಷ್ಟಿಯು ಒಂದೇ ಸಮನೆ ಬಿಗಿದಿರಲಾರದೆ, ಹಸುವಿನ ಹಾಲು ಕರೆಯುವವರ ಕೈಯಂತೆ ಬಿಗಿಯುತ್ತ ಸಡಿಲುತ್ತ ಇರುವುದು. ಕಾರಣವಿಲ್ಲದೆ ಅಳು, ಕಾರಣವಿಲ್ಲದೆ ಸಿಟ್ಟು. ಇಷ್ಟಾದರೂ ಮಗುವು ನಿದ್ದೆಹೋದೊಡನೆ ಈ ಚಲನೆಗಳೆಲ್ಲ ನಿಂತುಹೋಗುವುವು. ಹುಡುಗರಿಗಿಂತ ಹುಡುಗಿಯರಲ್ಲಿ ಈ ರೋಗವು ಹೆಚ್ಚು.

ಇಂತಹ ಮಗುವು ವೈದ್ಯನ ಕಣ್ಣಿಗೆ ಬೀಳುವುದಕ್ಕಿಂತ ಮುಂಚೆ ಉಪಾಧ್ಯಾಯನ ಕಣ್ಣಿಗೆ ಬೀಳುವುದು ಸಹಜ. ಇಲ್ಲಿಯೇ ಅನರ್ಥದ ಮೂಲವಿರುವುದು. ಚೇಷ್ಟೆಯೆಂದು, ಉದ್ಧಟತನವೆಂದು, ಅಭ್ಯಾಸದಲ್ಲಿ ಮನಸ್ಸಿಲ್ಲವೆಂದು ಭಾವಿಸಿ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸಿ ಶಿಕ್ಷಿಸುವುದುಂಟು. ಉದ್ವೇಗದಿಂದ ಈ ಚಲನೆಗಳು ಹೆಚ್ಚುವುವಾದುದರಿಂದ ಶಿಕ್ಷೆಯ ಭಯವೇ ಅಪರಾಧವನ್ನು ಇಮ್ಮಡಿಸುವುದು. ಮಕ್ಕಳ ವೈದ್ಯವನ್ನು ಕುರಿತು ಬರೆದವರು ಈ ಸಂಗತಿಯನ್ನು ಹಲವು ಬಾರಿ ಹೇಳಿರುವರು: ಈ ರೋಗದ ಮೊದಲ ಚಿಕಿತ್ಸೆಯೆಂದರೆ ಅನೇಕ ಸಲ ಬೆತ್ತವೇ ಆಗಿರುವುದು. ಮನೆಯಲ್ಲಾದರೋ ಗಾಳಿ ಸೋಕಿತೆಂದು, ದೃಷ್ಟಿ ತಗುಲಿತೆಂದು ತಾಯತ ಕಟ್ಟಿಸುವರು. ಬೆತ್ತಕ್ಕಿಂತ ತಾಯತವು ಮೃದುವಾದುದು ನಿಜವೇ; ಆದರೆ ರೋಗದ ಮೂಲವು ಎರಡಕ್ಕೂ ಸಿಕ್ಕುವುದಿಲ್ಲ.

ಈ ವ್ಯಾಧಿಗೆ ನರ್ತನವೆಂಬ ಹೆಸರು ಬಂದ ಬಗೆಯು ವಿಚಿತ್ರವಾದುದು. ಕ್ರಿ. ಶ. 1374ರಲ್ಲಿ ಜರ್ಮನ್ ದೇಶದ ಆಖೆನ್ ಪಟ್ಟಣದಲ್ಲಿಯೂ ರೈನ್ ನದಿಯ ತೀರದ ಇತರ ಊರುಗಳಲ್ಲಿಯೂ ಜನರು ಗುಂಪುಗುಂಪಾಗಿ, ನಿಲ್ಲಿಸಲಾರದೆ, ಮೈಮರೆತು ಕುಣಿಯತೊಡಗಿದರು. 1518ರಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಇದು ಮತ್ತೆ ಕಾಣಿಸಿಕೊಂಡಿತು. ಅಲ್ಲಿಯ ಅಧಿಕಾರಿಗಳು ಕುಣಿಯುವವರನ್ನು ಸಾವೆರ್ನ್ ಎಂಬ ಊರಿನ ಬಳಿಯಲ್ಲಿದ್ದ ಸಂತ ವಿಟಸನ ಸನ್ನಿಧಿಗೆ ಕಳುಹಿಸಿದರು. ಈ ವಿಟಸನು ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ನನ ಕಾಲದಲ್ಲಿ ಧರ್ಮಕ್ಕಾಗಿ ಪ್ರಾಣಕೊಟ್ಟ ಬಾಲಕನೆಂದು ಕ್ರೈಸ್ತ ಸಂಪ್ರದಾಯವು ಹೇಳುವುದು. ಆ ಸಂತನ ಕೋಪದಿಂದ ನೃತ್ಯೋನ್ಮಾದವು ಬರುವುದೆಂದೂ ಅವನ ಅನುಗ್ರಹದಿಂದ ಅದು ನಿಲ್ಲುವುದೆಂದೂ ಜನರು ನಂಬಿದ್ದರು. ಪ್ಯಾರಸೆಲ್ಸಸ್ ಎಂಬ ವೈದ್ಯನು (1493–1541) ಸಂತರಿಂದ ರೋಗವು ಬರುವುದೆಂಬ ಮಾತನ್ನು ಒಪ್ಪದೆ ಪ್ರಕೃತಿಯಲ್ಲಿಯೇ ಇದಕ್ಕೆ ಕಾರಣವನ್ನು ಹುಡುಕಬೇಕೆಂದನು. ‘ಕೊರಿಯಾ’ ಎಂಬ ಹೆಸರನ್ನು ವೈದ್ಯಶಾಸ್ತ್ರಕ್ಕೆ ತಂದವನು ಇವನೇ. ಈ ಉನ್ಮಾದಕ್ಕೂ ಮೇಲೆ ಹೇಳಿದ ಮಕ್ಕಳ ರೋಗಕ್ಕೂ ವಾಸ್ತವವಾಗಿ ಸಂಬಂಧವಿಲ್ಲ. ಆದರೂ ಹೆಸರು ಮಾತ್ರ ಒಂದರಿಂದ ಮತ್ತೊಂದಕ್ಕೆ ದಾಟಿತು.

ಹಾಗೆ ದಾಟಿಸಿದವನು ಇಂಗ್ಲೆಂಡಿನ ಥಾಮಸ್ ಸಿಡನ್‌ಹ್ಯಾಮ್ (1624–1689). ಡಾರ್ಸೆಟ್ ಪ್ರಾಂತದಲ್ಲಿ ಹುಟ್ಟಿದ ಇವನು ಆ ದೇಶದ ಅಂತಃಕಲಹದಲ್ಲಿ ಪಾರ್ಲಿಮೆಂಟಿನ ಪಕ್ಷವಾಗಿ ಯುದ್ಧಮಾಡಿ, ಬಳಿಕ ಲಂಡನ್ನಿನಲ್ಲಿ ವೈದ್ಯವೃತ್ತಿಯನ್ನು ಕೈಕೊಂಡನು. ಗ್ರಂಥಗಳ ವಾದಕ್ಕಿಂತ ರೋಗಿಯ ಹಾಸಿಗೆಯ ಬಳಿಯಲ್ಲಿ ಕಂಡುದೇ ಪ್ರಮಾಣವೆಂಬುದು ಇವನ ಸಿದ್ಧಾಂತ. ನಮ್ಮ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇವನು ಪ್ರತ್ಯಕ್ಷಪ್ರಮಾಣಕ್ಕೆ ಅಗ್ರಸ್ಥಾನವನ್ನು ಕೊಟ್ಟವನು. 1686ರಲ್ಲಿ ಪ್ರಕಟವಾದ ಲ್ಯಾಟಿನ್ ಗ್ರಂಥದಲ್ಲಿ ಇವನು ಹತ್ತನೆಯ ವರ್ಷದಿಂದ ಪ್ರಾಯದ ತನಕ ಬಾಲಕಬಾಲಿಕೆಯರನ್ನು ಹಿಡಿಯುವ ಒಂದು ಆಕ್ಷೇಪರೋಗವನ್ನು ವರ್ಣಿಸಿದನು. ಮೊದಲು ಒಂದು ಕಾಲು ಎಳೆಯುವುದು. ಆಮೇಲೆ ಅದೇ ಪಕ್ಕದ ಕೈಯು ಕ್ಷಣಮಾತ್ರವೂ ಇಟ್ಟಲ್ಲಿ ಇರದು. ಪಾತ್ರೆಯನ್ನು ಬಾಯಿಗೆ ತರಬೇಕೆಂದರೆ ಮಗುವು ಗಾರುಡಿಗನಂತೆ ನೂರಾರು ಹಾವಭಾವಗಳನ್ನು ಮಾಡಿ, ದೈವವಶಾತ್ ತುಟಿಗೆ ತಗುಲಿದಾಗ ಒಂದೇ ಗುಟುಕಿಗೆ ಕುಡಿದುಬಿಡುವುದು ಎಂಬ ಭಾವದ ಅವನ ವರ್ಣನೆಯು ಇಂದಿಗೂ ಮಾದರಿಯಾಗಿರುವುದು. ಅದಕ್ಕೆ ಅವನು ಜನರ ಬಾಯಲ್ಲಿದ್ದ ‘ಸಂತ ವಿಟಸನ ನೃತ್ಯ’ವೆಂಬ ಹೆಸರನ್ನೇ ಇಟ್ಟನು. ಈಗಲೂ ವೈದ್ಯರು ಈ ರೋಗವನ್ನು ಸಿಡನ್‌ಹ್ಯಾಮನ ಕೊರಿಯಾ ಎಂದೇ ಕರೆಯುವರು.

ಇಲ್ಲಿ ಚರಿತ್ರಜ್ಞನು ನಿಂತು ಯೋಚಿಸಬೇಕಾದ ಒಂದು ಸಂಗತಿಯುಂಟು. ಇದಕ್ಕೆ ಹತ್ತು ವರ್ಷ ಮುಂಚೆ, ಎಂದರೆ 1676ರಲ್ಲಿ, ಸಿಡನ್‌ಹ್ಯಾಮನು ಪ್ರಕಟಿಸಿದ ಮತ್ತೊಂದು ಗ್ರಂಥದಲ್ಲಿ ಮೈಯೆಲ್ಲ ಕೆಂಪಡರುವ ಸ್ಕಾರ್ಲೆಟ್ ಜ್ವರದ ವರ್ಣನೆಯಿರುವುದು. ಕೀಲಿನಿಂದ ಕೀಲಿಗೆ ನೋವು ಹಾರುವ ತೀವ್ರ ಸಂಧಿವಾತದ ವರ್ಣನೆಯೂ ಅದರಲ್ಲಿಯೇ ಇರುವುದು. ಇಂದು ತಿಳಿದಿರುವಂತೆ ಸ್ಕಾರ್ಲೆಟ್ ಜ್ವರ, ಸಂಧಿವಾತಜ್ವರ, ಕೊರಿಯಾ ಈ ಮೂರಕ್ಕೂ ಮೂಲವು ಒಂದೇ ಜಾತಿಯ ಅಣುಜೀವಿ. ಹೀಗೆ ಒಂದೇ ಮರದ ಮೂರು ಕೊಂಬೆಗಳನ್ನು ಒಬ್ಬನೇ ಮನುಷ್ಯನು ತನ್ನ ಕಣ್ಣಾರೆ ಕಂಡು, ಮೂರನ್ನೂ ಸ್ಪಷ್ಟವಾಗಿ ಬರೆದಿಟ್ಟು, ಬೊಡ್ಡೆಯನ್ನು ಮಾತ್ರ ಕಾಣದೆಹೋದನು. ಕೊರಿಯಾಕ್ಕೆ ಅವನು ಮಾಡುತ್ತಿದ್ದ ಚಿಕಿತ್ಸೆಯಾದರೋ ಆ ಕಾಲದ ವಾಡಿಕೆಯಂತೆ ರಕ್ತವನ್ನು ತೆಗೆಯುವುದು ಮತ್ತು ಭೇದಿ ಮಾಡಿಸುವುದು.

ಇದು ಅವನ ಬುದ್ಧಿಮಾಂದ್ಯವಲ್ಲ. ಕಾರಣ ಮತ್ತು ಕಾರ್ಯಗಳ ನಡುವೆ ಕಾಲದ ಅಂತರವು ಹೆಚ್ಚಾದಷ್ಟೂ ಅವುಗಳ ಸಂಬಂಧವನ್ನು ಪ್ರತ್ಯಕ್ಷದಿಂದ ತಿಳಿಯುವುದು ಕಷ್ಟವಾಗುವುದು. ಗಂಟಲುಬೇನೆಯಾದ ಎರಡು ಮೂರು ವಾರಗಳಿಗೆ ಕೀಲುನೋವು ಬರುವುದು. ಅಂಗಚಾಂಚಲ್ಯವಾದರೋ ತಿಂಗಳುಗಳ ಮೇಲೆ ಬರುವುದು. ಅಷ್ಟರಲ್ಲಿ ಗಂಟಲಿನಲ್ಲಿ ರೋಗದ ಗುರುತೂ ಇರುವುದಿಲ್ಲ, ತಾಯಿಗೆ ಅದರ ನೆನಪೂ ಇರುವುದಿಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು. ಬೆಂಕಿ ಆರಿ ಮೂರು ತಿಂಗಳಾದ ಮೇಲೆ ಏಳುವ ಹೊಗೆಯನ್ನು ಕಂಡು ಊಹಿಸುವುದು ಹೇಗೆ? ಇದಕ್ಕೆ ಒಬ್ಬ ವೈದ್ಯನ ಕಣ್ಣು ಸಾಲದು. ಹಲವು ತಲೆಮಾರುಗಳ ಲೆಕ್ಕವು ಬೇಕು.

ನಮ್ಮ ದೇಶದಲ್ಲಿ ಮಾಧವಕರನು ಮಾಧವನಿದಾನದಲ್ಲಿ ಆಮವಾತವೆಂಬ ರೋಗಕ್ಕೆ ಪ್ರತ್ಯೇಕವಾದ ಪ್ರಕರಣವನ್ನೇ ಮೀಸಲಿಟ್ಟಿರುವನು. ಕೀಲುಗಳ ಊತ, ಚೇಳು ಕುಟುಕಿದಂತಹ ನೋವು, ಜ್ವರ ಮೊದಲಾದ ಲಕ್ಷಣಗಳೊಡನೆ ‘ಹೃದ್ಗ್ರಹ’ವೆಂಬುದನ್ನೂ ಅವನು ಎಣಿಸಿರುವನು. ಇದನ್ನು ಕಂಡು ಪಾಶ್ಚಾತ್ಯರ ಸಂಧಿವಾತಜ್ವರವೆಲ್ಲವೂ ನಮ್ಮವರಿಗೆ ತಿಳಿದೇ ಇದ್ದಿತೆಂದು ಉತ್ಸಾಹದಿಂದ ಹೇಳಿಬಿಡುವುದು ಯುಕ್ತವಲ್ಲ. ಆಮವಾತದ ಲಕ್ಷಣಗಳು ಒಂದಕ್ಕಿಂತ ಹೆಚ್ಚಿನ ಕೀಲುರೋಗಗಳಿಗೆ ಹೊಂದುವುವು. ಗಂಟಲಿನ ಸಂಬಂಧವನ್ನು ಆ ಪ್ರಕರಣವು ಹೇಳುವುದಿಲ್ಲ. ಆದರೆ ಕೀಲಿನ ನೋವನ್ನು ನೋಡುವಾಗ ಎದೆಯನ್ನೂ ವಿಚಾರಿಸಬೇಕೆಂಬ ಸೂಚನೆಯು ಅಲ್ಲಿರುವುದೆಂಬಷ್ಟನ್ನು ನಿಸ್ಸಂಕೋಚವಾಗಿ ಒಪ್ಪಬಹುದು.

ಯೂರೋಪಿನಲ್ಲಿ ಆ ಎದೆಯ ವಿಚಾರವು ಹತ್ತೊಂಬತ್ತನೆಯ ಶತಮಾನದಲ್ಲಿ ಮುಂದುವರಿಯಿತು. 1812ರಲ್ಲಿ ಲಂಡನ್ನಿನ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯನು ಸಂಧಿವಾತದಿಂದ ಹೃದಯವೂ ಕೆಡುವುದೆಂಬುದನ್ನು ರೋಗಿಗಳ ವೃತ್ತಾಂತಗಳೊಡನೆ ಪ್ರಕಟಿಸಿದನು. 1816ರಲ್ಲಿ ಪ್ಯಾರಿಸಿನ ಲೆನೆಕ್ ಎಂಬವನು ಎದೆಯ ಶಬ್ದವನ್ನು ಕೇಳುವ ನಳಿಕೆಯನ್ನು ನಿರ್ಮಿಸಿ 1819ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದನು. ಸ್ಟೆತೊಸ್ಕೋಪೆಂದು ಈಗ ಎಲ್ಲರೂ ಬಲ್ಲ ಉಪಕರಣಕ್ಕೆ ಮೂಲವು ಅದೇ. ಅದು ಕೈಗೆ ಬಂದ ಬಳಿಕ ಅದುವರೆಗೆ ಅಗೋಚರವಾಗಿದ್ದ ಹೃದಯದ ಕವಾಟಗಳ ಕೆಡುಕು ಕಿವಿಗೆ ಗೋಚರವಾಯಿತು. 1836ರಲ್ಲಿ ಬೂಯೋ ಎಂಬ ಫ್ರೆಂಚ್ ವೈದ್ಯನು ತೀವ್ರ ಸಂಧಿವಾತದಲ್ಲಿ ಹೃದಯವು ಸೇರಿಕೊಳ್ಳುವುದು ಆಕಸ್ಮಿಕವಲ್ಲ, ನಿಯಮವೇ ಎಂದು ಸಾಧಿಸಿದನು. 1850ರಲ್ಲಿ ಜೆರ್ಮೆನ್ ಸೇ ಎಂಬವನು ಕೊರಿಯಾ ಹಿಡಿದ ಮಕ್ಕಳ ಪೂರ್ವವೃತ್ತಾಂತವನ್ನು ವಿಚಾರಿಸಿ, ಅವರಲ್ಲಿ ಅನೇಕರಿಗೆ ಸಂಧಿವಾತವಿದ್ದುದನ್ನು ತೋರಿಸಿದನು. ಹೀಗೆ ಕೀಲು, ಹೃದಯ, ಅಂಗಚಾಂಚಲ್ಯ ಈ ಮೂರೂ ಒಂದು ದಾರಕ್ಕೆ ಸೇರಿದುವು.

ಮಕ್ಕಳ ವಿಷಯದಲ್ಲಿ ಅತ್ಯಂತ ಮುಖ್ಯವಾದ ಮಾತನ್ನು ಹೇಳಿದವನು ಲಂಡನ್ನಿನ ಚೀಡಲ್. 1889ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ಅವನು, ದೊಡ್ಡವರ ಲಕ್ಷಣಗಳನ್ನಿಟ್ಟುಕೊಂಡು ಮಕ್ಕಳ ರೋಗವನ್ನು ಅಳೆಯಬಾರದೆಂದು ವಾದಿಸಿದನು. ದೊಡ್ಡವರಲ್ಲಿ ಕೀಲುಗಳು ಊದಿ ಹಾಸಿಗೆ ಹಿಡಿಯುವಂತಾಗುವುದು. ಮಗುವಿನಲ್ಲಾದರೋ ಮೊಣಕಾಲಿನ ಅಲ್ಪಸ್ವಲ್ಪ ನೋವಿನಲ್ಲಿಯೇ ಅದು ಮುಗಿಯಬಹುದು. ಮನೆಯವರು ಅದನ್ನು ‘ಬೆಳೆಯುವ ನೋವು’ ಎಂದು ಕಡೆಗಣಿಸುವರು. ಆದರೆ ಅದೇ ಮಗುವಿನ ಹೃದಯದಲ್ಲಿ ಕೆಡುಕು ಮೌನವಾಗಿ ನಡೆಯುತ್ತಿರಬಹುದು. ಗಂಟಲುಬೇನೆ, ಕೀಲುನೋವು, ಚರ್ಮದ ಅಡಿಯ ಗಂಟುಗಳು, ಅಂಗಚಾಂಚಲ್ಯ, ಹೃದಯದ ಊತ ಇವು ಒಂದೇ ಕಾಲದಲ್ಲಿ ಬಾರದೆ, ಒಂದರ ಹಿಂದೆ ಒಂದು ತಿಂಗಳುಗಟ್ಟಲೆಯ ಬಿಡುವಿನಿಂದ, ಯಾವ ಕ್ರಮದಲ್ಲಿಯಾದರೂ ಬರಬಹುದು ಎಂಬುದೇ ಅವನ ಸಿದ್ಧಾಂತ. ಹೀಗೆ ಬಿಡಿಬಿಡಿಯಾಗಿ ಬರುವ ಈ ಲಕ್ಷಣಗಳನ್ನು ಪೋಣಿಸಬೇಕಾದರೆ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಅವನ್ನು ನೆನಪಿಟ್ಟುಕೊಂಡವರೊಬ್ಬರು ಇರಬೇಕು.

ಮೂಲದ ಅನ್ವೇಷಣೆಯು ಇನ್ನೂ ಉಳಿದಿದ್ದಿತು. 1874ರಲ್ಲಿ ಬಿಲ್‌ರೋತ್ ಎಂಬ ಶಸ್ತ್ರವೈದ್ಯನು ಕೀವಿನಲ್ಲಿ ಸರಪಣಿಯಂತೆ ಒಂದಕ್ಕೊಂದು ಅಂಟಿಕೊಂಡಿರುವ ದುಂಡಾದ ಅಣುಜೀವಿಗಳನ್ನು ಕಂಡು ‘ಸ್ಟ್ರೆಪ್ಟೊಕಾಕಸ್’ ಎಂದು ಹೆಸರಿಟ್ಟನು. ಇವುಗಳಲ್ಲಿ ಹಲವು ಬಗೆಗಳುಂಟು. 1933ರಲ್ಲಿ ಅಮೆರಿಕದ ರೆಬೆಕಾ ಲ್ಯಾನ್ಸ್‌ಫೀಲ್ಡ್ ಎಂಬ ವಿದುಷಿಯು ಅವುಗಳನ್ನು ವರ್ಗೀಕರಿಸಿ, ಮನುಷ್ಯರ ಗಂಟಲುಬೇನೆಗೆ ಮುಖ್ಯವಾಗಿ ಕಾರಣವಾದುದನ್ನು ‘ಎ’ ವರ್ಗವೆಂದು ಬೇರ್ಪಡಿಸಿದಳು. ಇದಕ್ಕೆ ಎರಡು ವರ್ಷ ಮುಂಚೆ, 1931ರಲ್ಲಿ, ನ್ಯೂಯಾರ್ಕಿನ ಆಲ್ವಿನ್ ಕೋಬರ್ನ್ ಎಂಬವನೂ ಲಂಡನ್ನಿನಲ್ಲಿ ಕಾಲಿಸ್ ಎಂಬವನೂ ಸಂಧಿವಾತಜ್ವರವು ಸ್ಟ್ರೆಪ್ಟೊಕಾಕಸ್ಸಿನ ಗಂಟಲುಬೇನೆಯ ಹಿಂದೆಯೇ ಬರುವುದೆಂದು ಬೇರೆಬೇರೆಯಾಗಿ ಪ್ರಕಟಿಸಿದರು. 1944ರಲ್ಲಿ ಬಾಸ್ಟನ್ನಿನ ಡಕೆಟ್ ಜೋನ್ಸ್ ಎಂಬವನು ರೋಗನಿರ್ಣಯಕ್ಕೆ ಬೇಕಾದ ಲಕ್ಷಣಗಳ ಪಟ್ಟಿಯೊಂದನ್ನು ಮಾಡಿದನು; ಅದರಲ್ಲಿ ಕೊರಿಯಾವು ಮುಖ್ಯ ಲಕ್ಷಣಗಳ ಸಾಲಿನಲ್ಲಿ ಸೇರಿತು. ತಿದ್ದುಪಡಿಗಳೊಡನೆ ಆ ಪಟ್ಟಿಯು ಇಂದಿಗೂ ಬಳಕೆಯಲ್ಲಿರುವುದು.

ಕೊರಿಯಾದ ವಿಷಯದಲ್ಲಿ ಮಾತ್ರ ಕೆಲವರಿಗೆ ಸಂದೇಹವು ಉಳಿದಿದ್ದಿತು. ಅದು ಕಾಣಿಸಿಕೊಳ್ಳುವ ವೇಳೆಗೆ ಗಂಟಲಿನಲ್ಲಿ ಅಣುಜೀವಿಯೂ ಸಿಕ್ಕದು, ರಕ್ತದಲ್ಲಿ ಅದರ ಗುರುತೂ ಇಳಿದುಹೋಗಿರುವುದುಂಟು. 1956ರಲ್ಲಿ ಟಾರಾಂಟಾ ಮತ್ತು ಸ್ಟೋಲರ್‌ಮನ್ ಎಂಬವರು ಈ ವಿಳಂಬವೇ ಸಂದೇಹಕ್ಕೆ ಕಾರಣವೆಂಬುದನ್ನು ತೋರಿಸಿ ಸಂಬಂಧವನ್ನು ಸ್ಥಿರಪಡಿಸಿದರು. ವಿಳಂಬದ ರಹಸ್ಯವೂ ಕ್ರಮೇಣ ತಿಳಿಯಿತು. ಇಲ್ಲಿ ಅಣುಜೀವಿಯೇ ಮೆದುಳನ್ನು ಮುತ್ತುವುದಲ್ಲ. ಅದನ್ನು ಎದುರಿಸಲು ಶರೀರವು ಸಿದ್ಧಪಡಿಸಿದ ಪ್ರತಿಕಾಯಗಳು, ಅಣುಜೀವಿಯ ಅಂಶಗಳಿಗೂ ಶರೀರದ ಕೆಲವು ಧಾತುಗಳಿಗೂ ಇರುವ ಹೋಲಿಕೆಯಿಂದ ಮೋಸಹೋಗಿ, ತನ್ನವರನ್ನೇ ಹಗೆಗಳೆಂದು ತಿಳಿದು ಹೊಡೆಯುವುವು. ಕತ್ತಲೆಯಲ್ಲಿ ಕಾವಲುಗಾರನು ಮನೆಯ ಮಗನನ್ನೇ ಕಳ್ಳನೆಂದು ಹೊಡೆದಂತೆ ಇದು. 1976ರಲ್ಲಿ ಹುಸ್ಬಿ ಮತ್ತು ಅವನ ಸಹೋದ್ಯೋಗಿಗಳು ಕೊರಿಯಾ ಪೀಡಿತ ಮಕ್ಕಳ ರಕ್ತದಲ್ಲಿ, ಚಲನೆಯನ್ನು ನಿಯಂತ್ರಿಸುವ ಮೆದುಳಿನ ಒಳಭಾಗದ ಜೀವಕೋಶಗಳಿಗೆ ಅಂಟುವ ಪ್ರತಿಕಾಯಗಳನ್ನು ಕಂಡುಹಿಡಿದರು. ಇನ್ನೂರ ತೊಂಬತ್ತು ವರ್ಷಗಳ ಹಿಂದೆ ಸಿಡನ್‌ಹ್ಯಾಮನು ಕಂಡ ಹಾವಭಾವಗಳಿಗೆ ಇದು ಉತ್ತರವಾಯಿತು.

ಚಿಕಿತ್ಸೆಯ ಚರಿತ್ರೆಯು ಇದಕ್ಕಿಂತ ಕರುಣಾಜನಕವಾದುದು. ಔಷಧವಿಲ್ಲದ ಕಾಲದಲ್ಲಿ ಹಾಸಿಗೆಯೇ ಔಷಧವಾಗಿದ್ದಿತು. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಇಂತಹ ಮಕ್ಕಳಿಗಾಗಿಯೇ ವಿಶ್ರಾಂತಿಗೃಹಗಳಿದ್ದುವು. ಅಲ್ಲಿ ಮಕ್ಕಳು ತಾಯಿತಂದೆಗಳನ್ನಗಲಿ ತಿಂಗಳುಗಟ್ಟಲೆ ಮಲಗಿರಬೇಕಾಗಿದ್ದಿತು. ಬಡತನ, ಇಕ್ಕಟ್ಟಾದ ಮನೆ, ತೇವವಾದ ನೆಲ, ಒಂದೇ ಹಾಸಿಗೆಯಲ್ಲಿ ಹಲವರು ಮಲಗುವುದು ಇವುಗಳೊಡನೆ ಈ ರೋಗಕ್ಕಿರುವ ಸಂಬಂಧವನ್ನು ಇಂಗ್ಲೆಂಡಿನ ವೈದ್ಯಸಂಶೋಧನ ಮಂಡಲಿಯು 1927ರಲ್ಲಿಯೇ ವಿಚಾರಿಸಿದ್ದಿತು. 1928ರಲ್ಲಿ ಫ್ಲೆಮಿಂಗನು ಕಂಡುಹಿಡಿದ ಪೆನಿಸಿಲಿನ್ನು ಮಹಾಯುದ್ಧದ ತರುವಾಯ ಎಲ್ಲೆಡೆಯಲ್ಲಿಯೂ ದೊರೆಯತೊಡಗಿತು. ಅಮೆರಿಕದ ವಯೋಮಿಂಗ್ ಸಂಸ್ಥಾನದ ಸೈನಿಕ ಶಿಬಿರವೊಂದರಲ್ಲಿ ನಡೆದ ಪರೀಕ್ಷೆಗಳಿಂದ, ಗಂಟಲುಬೇನೆಗೆ ಆಗಲೇ ಪೆನಿಸಿಲಿನ್ ಕೊಟ್ಟರೆ ಸಂಧಿವಾತಜ್ವರವು ಬಾರದಂತೆ ತಡೆಯಬಹುದೆಂದು 1950ರಲ್ಲಿ ಸಿದ್ಧವಾಯಿತು. ಬೇನೆ ತೊಡಗಿ ಒಂಬತ್ತು ದಿನಗಳಾಗಿದ್ದರೂ ಔಷಧವು ಫಲಿಸುವುದೆಂದು ಮುಂದೆ ತಿಳಿದುಬಂದಿತು. ಒಮ್ಮೆ ರೋಗ ಬಂದ ಮಗುವಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ದೀರ್ಘಕಾಲ ನಿಲ್ಲುವ ಪೆನಿಸಿಲಿನ್ನಿನ ಸೂಜಿಮದ್ದನ್ನು ಹಲವು ವರ್ಷ ಕೊಟ್ಟರೆ ರೋಗವು ಮರುಕಳಿಸುವುದು ತಪ್ಪುವುದು. ಪುನರಾವರ್ತಿಸುವ ಜ್ವರವನ್ನು ಕುರಿತು ಚರಕನು ಹೇಳಿದ ಎಚ್ಚರಿಕೆಯು ಹೀಗೆ ಹೊಸ ರೂಪದಲ್ಲಿ ನೆರವೇರುತ್ತಿರುವುದು.

ಈ ಸೂಜಿಮದ್ದಿನ ಅವಶ್ಯಕತೆಯನ್ನು ಮನಗಾಣಿಸುವುದೇ ಕಷ್ಟವಾದುದು. ಅಂಗಚಾಂಚಲ್ಯವು ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿಯೇ ಶಮನವಾಗುವುದು. ಕೈ ನಿಂತಿತು, ಬರವಣಿಗೆ ನೆಟ್ಟಗಾಯಿತು, ಇನ್ನು ಸೂಜಿಯೇಕೆ ಎಂದು ತಂದೆಯು ಕೇಳುವನು. ಆದರೆ ಕಾಣುವ ನರ್ತನವು ನಿಂತರೂ ಕಾಣದ ಹೃದಯಕ್ಕೆ ಅಪಾಯವು ತಪ್ಪಿರುವುದಿಲ್ಲ. ಗಂಟಲುಬೇನೆಯು ಮರುಕಳಿಸಿದಂತೆಲ್ಲ ಕವಾಟಗಳು ಮತ್ತಷ್ಟು ಗಡುಸಾಗಿ, ಕಿರಿದಾಗಿ, ಹತ್ತು ವರ್ಷದ ಬಾಲಿಕೆಗೆ ಬಂದ ರೋಗದ ಫಲವು ಅವಳ ಇಪ್ಪತ್ತೈದನೆಯ ವರ್ಷದಲ್ಲಿ, ಅನೇಕ ವೇಳೆ ಗರ್ಭಿಣಿಯಾಗಿರುವಾಗ, ಏದುಸಿರಾಗಿ ಪ್ರಕಟವಾಗುವುದು.

ಸಿರಿವಂತ ದೇಶಗಳಲ್ಲಿ ವಸತಿ, ಆಹಾರ, ವೈದ್ಯಸೌಕರ್ಯಗಳು ಉತ್ತಮವಾದಂತೆ ಈ ವ್ಯಾಧಿಯು ವಿರಳವಾಯಿತು. ಪೆನಿಸಿಲಿನ್ನಿಗಿಂತ ಮುಂಚೆಯೇ ಅಲ್ಲಿ ಅದು ಇಳಿಮುಖವಾಗಿದ್ದಿತು. ಭಾರತ, ಆಫ್ರಿಕಾ, ಪೆಸಿಫಿಕ್ ದ್ವೀಪಗಳು ಮೊದಲಾದೆಡೆಗಳಲ್ಲಿ ಅದು ಇನ್ನೂ ನೆಲಸಿರುವುದು. 2015ರ ಅಂದಾಜಿನಂತೆ ಲೋಕದಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಮಂದಿ ಇದರಿಂದುಂಟಾದ ಹೃದ್ರೋಗದಿಂದ ಮರಣಹೊಂದುವರು. 2018ರಲ್ಲಿ ವಿಶ್ವ ಆರೋಗ್ಯ ಸಭೆಯು ಇದರ ನಿವಾರಣೆಗಾಗಿ ನಿರ್ಣಯವನ್ನು ಅಂಗೀಕರಿಸಿತು. ಕಿರಿದಾದ ಕವಾಟವನ್ನು ಶಸ್ತ್ರದಿಂದ ಎದೆಯನ್ನು ತೆರೆಯದೆ, ರಕ್ತನಾಳದ ಮೂಲಕ ಬುಗ್ಗೆಯನ್ನು ತೂರಿಸಿ ಹಿಗ್ಗಿಸುವ ವಿಧಾನವನ್ನು ಜಪಾನಿನ ಇನೌಯೆ ಎಂಬ ವೈದ್ಯನು 1984ರಲ್ಲಿ ಪ್ರಕಟಿಸಿದನು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆಯನ್ನು ಪಡೆದ ಕನ್ನಡನಾಡಿನ ರೋಗಿಗಳು ಬಹುಮಂದಿ. ಆದರೆ ಬಾಲ್ಯದಲ್ಲಿ ಅಗ್ಗದ ಔಷಧದಿಂದ ತಪ್ಪಿಸಬಹುದಾಗಿದ್ದುದನ್ನು ಯೌವನದಲ್ಲಿ ದುಬಾರಿಯ ಚಿಕಿತ್ಸೆಯಿಂದ ಸರಿಪಡಿಸಬೇಕಾಗಿ ಬಂದಿತೆಂಬುದು ಮರೆಯತಕ್ಕ ಮಾತಲ್ಲ.

ಈ ಚರಿತ್ರೆಯಲ್ಲಿ ವೈದ್ಯರ ಹೆಸರುಗಳು ಉಳಿದಿವೆ. ಚೇಷ್ಟೆಗಾರರೆಂದು ಹೊಡೆಸಿಕೊಂಡ ಮಕ್ಕಳ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ. ಅವರ ಸಂಖ್ಯೆಯು ಅಲ್ಪವಾಗಿರಲಾರದು. ಚೆನ್ನಾಗಿ ಬರೆಯುತ್ತಿದ್ದ ಮಗುವಿನ ಅಕ್ಷರವು ಇದ್ದಕ್ಕಿದ್ದಂತೆ ಕೆಟ್ಟರೆ, ಶಾಂತವಾಗಿದ್ದ ಮಗುವು ಕಾರಣವಿಲ್ಲದೆ ಅತ್ತರೆ, ಹಿಡಿದ ವಸ್ತುವು ಪದೇಪದೇ ಕೈಜಾರಿದರೆ, ‘ಕಳೆದ ಆರು ತಿಂಗಳಲ್ಲಿ ಇದಕ್ಕೆ ಜ್ವರ ಬಂದಿದ್ದಿತೇ, ಗಂಟಲು ನೊಂದಿದ್ದಿತೇ?’ ಎಂದು ಮನೆಯವರನ್ನು ಕೇಳುವುದಕ್ಕೆ ವೈದ್ಯಶಾಸ್ತ್ರದ ಪಾಂಡಿತ್ಯವು ಬೇಕಿಲ್ಲ. ಕೇಳಿ, ಸಂಶಯವಿದ್ದರೆ ಮಗುವನ್ನು ವೈದ್ಯರಲ್ಲಿಗೆ ಕಳುಹಿಸಿ, ಅದು ಗುಣವಾಗುವ ತನಕ ಬರವಣಿಗೆಯ ಬದಲು ಬಾಯಿಪಾಠವನ್ನು ಒಪ್ಪಿಕೊಂಡು, ಸಹಪಾಠಿಗಳು ಅಣಕಿಸದಂತೆ ನೋಡಿಕೊಂಡರೆ ಉಪಾಧ್ಯಾಯನು ತನ್ನ ಪಾಲಿನ ಚಿಕಿತ್ಸೆಯನ್ನು ಮಾಡಿದಂತಾಯಿತು. ರೋಗಶೇಷವನ್ನು ಉಳಿಸಬಾರದೆಂದ ಹಿರಿಯರ ವಾಕ್ಯವು ವೈದ್ಯನೊಬ್ಬನಿಗೆ ಮಾತ್ರ ಹೇಳಿದುದಲ್ಲ.